ಎಂಟು ಹಲಗೆ

ಗಾಡಿ ನಿಂತ ಕೂಡಲೇ ಮೌಲಾಸಾಬ ಇಳಿಯುತ್ತಿದ್ದ.
ಚಹಾಕ್ಕಲ್ಲ, ನೆಲಕ್ಕೆ.
ಹಿಮ್ಮಡಿಯಿಂದ ಒತ್ತಿ ನೋಡಿ,
ಒಂದು ಹೆಂಟೆ ಎತ್ತಿ, ಬೆರಳಲ್ಲಿ ಮುರಿದು,
"ಎರಿ ಇದು, ತಂಗಿ. ಮುಂಜಾನಿ ಕಲ್ಲು,
ಮಳಿ ಬಿತ್ತಂದ್ರ ಬೆಣ್ಣಿ. ಹಲಗಿ ತಗಿ."

ಹಲಗೆ ಎಂಟು. ಹುಬ್ಬಳ್ಳಿ ಗುಜರಿಯಲ್ಲಿ
ತೂಕಕ್ಕೆ ಸಿಕ್ಕ ರೈಲುಹಳಿಯ ಹಳೇ ಸ್ಲೀಪರು, ಸೀಳಿಸಿದ್ದು.
ಬಿಸಿಲೇರಿದರೆ ಈಗಲೂ
ಡಾಂಬರಿನ ವಾಸನೆ, ದೂರದೂರಿನ ವಾಸನೆ.

ಕಣ್ಣು ನೋಡುವ ಗಾಡಿ ನಮ್ಮದು.
ಒಳಗೆ ಒಂದು ಕುರ್ಚಿ, ದೂರ ಸಾಲದ್ದಕ್ಕೆ ಒಂದು ಕನ್ನಡಿ,
ಹೊಟ್ಟೆಯಡಿ ಎಣ್ಣೆಯ ಬಲಕ್ಕೆ ಇಳಿಯುವ
ನಾಲ್ಕು ಕಬ್ಬಿಣದ ಕಾಲು,
ಸ್ಟೇರಿಂಗಿನ ಪಕ್ಕ ಗಾಜಿನ ಕೊಳವೆಯಲ್ಲಿ
ನಿಂತಲ್ಲಿ ನಿಲ್ಲದ ಒಂದು ಗುಳ್ಳೆ.

ನಾನು ಕಲಿತದ್ದು ಪುಸ್ತಕದ ಕ್ರಮದಲ್ಲಲ್ಲ,
ಬೈಸಿಕೊಂಡ ಕ್ರಮದಲ್ಲಿ.
ಹಿಂದಿನ ಗಾಲಿ ನೆಲ ಬಿಡುವಷ್ಟು ಎತ್ತಿದ ದಿನ:
"ಹ್ಯಾಂಡ್‌ಬ್ರೇಕು ಹಿಡಿಯೋದು ಆ ಗಾಲಿನ್ನ.
ಈಗ ಏನ್ ಹಿಡದೈತಿ? ಗಾಳಿನ್ನ?"
ಕೊಳವೆಕಾಲಿಗೆ ಪ್ರೀತಿಯಿಂದ ಗ್ರೀಸು ಬಳಿದ ದಿನ:
"ಧೂಳಿಗೆ ಲಗ್ನಪತ್ರಿಕಿ ಕೊಟ್ಟಿ ನೋಡು.
ಒಣಾ ಅರಿವಿ ತಗೊಂಡು ಒರಸು. ಮಣ್ಣು ಒರಸದ ಮ್ಯಾಲ ಎಳದ್ರ
ಒಳಗಿನ ರಬ್ಬರ್ ಕೊಯ್ದು ಹೋಗ್ತೈತಿ."
ಎಣ್ಣೆ ಅಳೆಯುವುದು ನಾಲ್ಕೂ ಕಾಲು ಮೇಲಿದ್ದಾಗ;
ಇಳಿದಾಗ ಅಳೆದು, ತುಂಬಿಸಿ, ಎತ್ತಿದಾಗ ಉಕ್ಕಿ
ಮುಳಗುಂದದ ರಸ್ತೆಯೆಲ್ಲ ಜಾರು ಮಾಡಿದ್ದು ನಾನೇ.

ಪೈಪು ಸೋರುವ ಸಂಶಯ ಬಂದರೆ ಮಾತ್ರ ಬೈಯಲಿಲ್ಲ.
ರಟ್ಟಿನ ತುಂಡು ಕೊಟ್ಟ. "ಕೈ ಒಯ್ಯಬ್ಯಾಡ.
ಒತ್ತಡದಾಗಿನ ಎಣ್ಣಿ ಸೂಜಿ ಇದ್ದಂಗ, ತೊಗಲು ಕೇಳಂಗಿಲ್ಲ."
ಅವನ ತೋರುಬೆರಳು ಅರ್ಧ.
ಅದರಲ್ಲೇ ತೋರಿಸುತ್ತಿದ್ದ.
ಗಾಡಿಯಡಿ ತೂರಲು ಹೋದವರನ್ನೂ
ಆ ಅರ್ಧದಿಂದಲೇ ಹಿಂದೆ ಕರೆಯುತ್ತಿದ್ದ:
"ಕಾಲು ನಿಂತಾವು ಅಂತ ನಂಬಿ ಅಡ್ಯಾಗ ಹೋಗಬ್ಯಾಡ್ರಿ.
ರಿಪೇರಿ ತಾರಿಹಾಳದಾಗ, ಉಕ್ಕಿನ ಸ್ಟ್ಯಾಂಡಿನ ಮ್ಯಾಲ."

ಕೋಟುಮಚಗಿಗೆ ನಾನೊಬ್ಬಳೇ ಹೊಡೆದುಕೊಂಡು ಹೋದೆ.
ಅವನು ಜ್ವರ ಬಂದು ಮನೆಯಲ್ಲಿ.
ಶಾಲೆಯ ಹಿಂದಿನ ಬಯಲು, ಕಲ್ಲಿನಂಥ ನೆಲ,
ಗಾಲಿಗೆ ಅಡ್ಡಗಟ್ಟಿಗೆ, ಕಾಲಿಗೆ ಒಂದೊಂದು ಹಲಗೆ.
ಒಂದೊಂದು ಸಾಕು ಅನಿಸಿತು.
ರಾತ್ರಿ ಮಳೆ ಬಂತು. ಹೆಚ್ಚೇನಲ್ಲ,
ತಗಡು ಹತ್ತು ನಿಮಿಷ ಮಾತಾಡಿ ಸುಮ್ಮನಾಗುವಷ್ಟು.

ಮುಂಜಾನೆ ಮೊದಲ ಪಾಳಿ ಫಕೀರವ್ವನದು.
ನಲವತ್ತು ವರ್ಷ ಗೌಂಡಿಗಳ ಕೈಕೆಳಗೆ ಗಾರೆ ಹೊತ್ತಾಕಿ,
ಎರಡೂ ಕಣ್ಣಲ್ಲಿ ಮಜ್ಜಿಗೆಯಂಥ ಪೊರೆ.
ಕುರ್ಚಿಯಲ್ಲಿ ಕೂತಳು, ಎದ್ದಳು, ಮತ್ತೆ ಕೂತಳು.
"ಮೊದಲ ಸಾಲು ಹೇಳವ್ವಾ" ಅಂದರು ಡಾಕ್ಟರು.
"ಸಾಲು ಇರಲಿ. ನಿಮ್ಮ ಗಾಡಿ ಬಲಕ್ಕ ವಾಲೈತಿ."

ಡಾಕ್ಟರು ನಕ್ಕರು. ನಾನು ಗುಳ್ಳೆ ನೋಡಿದೆ.
ಗೆರೆ ದಾಟಿತ್ತು.
ಹೊರಗೆ ಬಲಗಡೆ ಹಿಂದಿನ ಹಲಗೆ
ನಾಲ್ಕು ಬೆರಳು ಇಳಿದು, ಮಣ್ಣು ಅದರ ಅಂಚಿಗೆ ತುಟಿ ಕಚ್ಚಿತ್ತು.
ಕಣ್ಣಿಂದ ಕಂಡದ್ದಲ್ಲ ಆಕೆಗೆ, ಟೊಂಕದಿಂದ.

ಎಲ್ಲರನ್ನೂ ಇಳಿಸಿದೆ. ಕಾಲುಗಳನ್ನು ಒರೆಸಿ ಎಳೆದೆ,
ಗಾಡಿಯನ್ನು ಗಟ್ಟಿ ಗರಸಿನತ್ತ ಸರಿಸಿದೆ,
ಎರಡೆರಡು ಹಲಗೆ, ಒಂದರ ಮೇಲೊಂದು ಅಡ್ಡಡ್ಡ.
ಫಕೀರವ್ವ ಒಬ್ಬಳು ಮಾತ್ರ ದೂರ ಹೋಗಲೊಲ್ಲಳು,
ಮಾರು ದೂರದಲ್ಲಿ ಸೆರಗು ಕಟ್ಟಿ ನಿಂತು
"ಗುಳ್ಳಿ ನನಗ ಕಾಣಂಗಿಲ್ಲ, ನೀನs ಹೇಳ್ಕೊಂತ ಹೋಗು" ಅಂದಳು.
ಹೇಳಿದೆ: ಎಡಕ್ಕೆ. ಇನ್ನೂ ಎಡಕ್ಕೆ. ಬಂತು.
"ಸಿಮಿಟ ಹಾಕು ಇನ್ನ!" ಎಂದು ಕೂಗಿದಳು.

ಸಂಜೆ ಹೊರಡುವಾಗ ಕೆಂಪು ದೀಪ ಆರಿದ್ದರೂ
ಸುತ್ತು ಹಾಕಿ, ಬಗ್ಗಿ, ಬೆರಳಲ್ಲಿ ಎಣಿಸಿದೆ:
ಒಂದು, ಎರಡು, ಮೂರು, ನಾಲ್ಕು. ಮೇಲಿದ್ದವು.
ಆಪರೇಶನ್ನಿನ ಚೀಟಿಯನ್ನು ಆಕೆ ಎಲೆ ಅಡಿಕೆಯ ಸಂಚಿಗೆ ತುರುಕಿದ್ದಳು.

ಮೌಲಾಸಾಬಗೆ ಫೋನು ಹಚ್ಚಿದೆ.
ಜ್ವರದ ದನಿ ಬೇರೇನೂ ಕೇಳಲಿಲ್ಲ.
"ಎಷ್ಟು ಹಲಗಿ?"
ಸ್ವಲ್ಪ ತಡೆದು, "ಎಂಟು" ಅಂದೆ.
ಆ ತಡೆದದ್ದನ್ನು ಅವನು ಕೇಳಿಸಿಕೊಂಡ.